ಕೂಗದ ಪ್ರಾಣಿಗೂ ಹಸಿವಿದೆ

ಮಲೆನಾಡಿನ ಹೊಸ್ತಿಲಲ್ಲಿರುವ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಕಲಘಟಗಿ, ಅಳ್ನಾವರ, ಹಳಿಯಾಳ, ಯಲ್ಲಾಪುರಗಳ ಕಡೆಯಿಂದ ಯುವಕರು ಬರುತ್ತಲೇ ಇರುತ್ತಾರೆ. ಕೆಲವರು ಓದಲು, ಕೆಲವರು ದುಡಿಯಲು, ಹಲವರು ಎರಡಕ್ಕೂ. ಖಾನಾವಳಿ, ಬಟ್ಟೆಯಂಗಡಿ, ಮೊಬೈಲ್ ಅಂಗಡಿಗಳ ಸಾಲಿಗೆ ಇಂದಿನ ನಗರಗಳಲ್ಲಿ ಸಾಕುಪ್ರಾಣಿಗಳ ಅಂಗಡಿಯೂ ಸೇರಿದೆ. ಹಳ್ಳಿಯಿಂದ ಬಂದ ಹುಡುಗನಿಗೆ ದನಕರು, ನಾಯಿ, ಕೋಳಿಗಳ ಒಡನಾಟವಿರುತ್ತದೆ. ಅಂಥವನಿಗೆ ಈ ಕೆಲಸ ಸುಲಭವೆಂದು ತೋರುವುದು ಸಹಜ. ಆದರೆ ಅಂಗಡಿಯ ಮೂಲೆಯ ಗಾಜಿನ ತೊಟ್ಟಿಯಲ್ಲಿರುವ ಆಮೆಮರಿ, ಇಗುವಾನಾಗಳು ಅವನ ಮುಂದೆ ಇಡುವ ಪ್ರಶ್ನೆ ಸುಲಭದ್ದಲ್ಲ.

ಹಸಿದ ನಾಯಿಮರಿ ಕುಂಯ್‌ಗುಡುತ್ತದೆ, ಹಕ್ಕಿ ಚೀರುತ್ತದೆ. ಗಿರಾಕಿಯ ಕಿವಿಗೆ ಬೀಳುವ ಆ ಸದ್ದಿಗೆ ಹೆದರಿಯಾದರೂ ಮಾಲಕ ಅವುಗಳಿಗೆ ಅನ್ನ ಹಾಕಿಸುತ್ತಾನೆ. ಸರೀಸೃಪಕ್ಕೆ ಕೂಗಿ ಕರೆಯಲು ದನಿಯಿಲ್ಲ. ಅದು ಉಣ್ಣದೆ ವಾರಗಟ್ಟಲೆ ಬದುಕಿರಬಲ್ಲದು. ಸಾಯುವ ಮುನ್ನಾದಿನವೂ ನಿನ್ನೆಯಂತೆಯೇ ಕುಳಿತಿರಬಲ್ಲದು. ಈ ಸಹನೆಯೇ ಅದಕ್ಕೆ ಮುಳುವಾಗಿದೆ. ಅಂಗಡಿಯಲ್ಲಿ ಆರೈಕೆಯು ಸದ್ದಿನ ಲೆಕ್ಕದಲ್ಲಿ ಹಂಚಿಹೋದಾಗ ಸದ್ದಿಲ್ಲದ ಜೀವಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ಸರೀಸೃಪಗಳ ಮೈಬಿಸಿ ಒಳಗಿನಿಂದ ಹುಟ್ಟುವುದಲ್ಲ, ಸುತ್ತಣ ಪರಿಸರದಿಂದ ಪಡೆದದ್ದು. ಬಿಸಿಯಿಲ್ಲದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ತಾಗದಿದ್ದರೆ ಮೈಯಲ್ಲಿ ಡಿ ಜೀವಸತ್ವ ತಯಾರಾಗದು. ಅದಿಲ್ಲದೆ ಸುಣ್ಣದ ಅಂಶ ಮೈಗೆ ಹಿಡಿಯದು. ಆಗ ಆಮೆಯ ಚಿಪ್ಪು ಮೆತ್ತಗಾಗುತ್ತದೆ, ಇಗುವಾನಾದ ದವಡೆ ಮತ್ತು ಕಾಲಿನ ಎಲುಬು ಸೊಟ್ಟಗಾಗುತ್ತವೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಈ ಕೊರತೆ ನೀಗದು, ಏಕೆಂದರೆ ಗಾಜು ಆ ಕಿರಣವನ್ನು ತಡೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಮನುಷ್ಯನಿಗೇ ಬಿಸಿಲು ಅಪರೂಪ. ಆ ದಿನಗಳಲ್ಲಿ ದೀಪವಿಲ್ಲದ ತೊಟ್ಟಿಯ ತಣ್ಣೀರಿನಲ್ಲಿ, ಏರಿ ಕೂರಲು ಒಂದು ಕಲ್ಲೂ ಇಲ್ಲದೆ, ಒಣ ಸೀಗಡಿಯೊಂದನ್ನೇ ತಿಂದುಕೊಂಡಿರುವ ಆಮೆಮರಿಯ ಗತಿಯೇನು? ಅದರ ಕಣ್ಣು ಊದಿಕೊಂಡು ಮುಚ್ಚಿದಾಗ ನಿದ್ದೆ ಮಾಡುತ್ತಿದೆಯೆಂದು ಗಿರಾಕಿ ನಗುತ್ತಾನೆ.

ಇದನ್ನು ಕೆಲಸದ ಹುಡುಗರ ಅಸಡ್ಡೆ ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಮೂಲ ಇರುವುದು ವ್ಯಾಪಾರದ ಲೆಕ್ಕದಲ್ಲಿ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪುಕಿವಿಯ ಆಮೆಮರಿಯ ಬೆಲೆಗಿಂತ ಅದನ್ನು ಬದುಕಿಸುವ ದೀಪದ ಬೆಲೆಯೇ ಹೆಚ್ಚು. ಜೀವ ಅಗ್ಗವಾಗಿ, ಜೀವ ಉಳಿಸುವ ಸಾಧನ ತುಟ್ಟಿಯಾದಲ್ಲಿ ಸತ್ತ ಮರಿಯನ್ನು ಎಸೆದು ಹೊಸದನ್ನು ತರಿಸುವುದೇ ಲಾಭವೆನಿಸುತ್ತದೆ. ಒಡೆದ ಬಳೆಯಂತೆ ಸಾವನ್ನೂ ಖರ್ಚಿನ ಬಾಬತ್ತಿಗೆ ಬರೆಯಲಾಗುತ್ತದೆ.

ಕಾನೂನು ಇಲ್ಲವೆ? ಇದೆ. 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಯೂ ಪ್ರಾಣಿಯೇ, ಆಮೆಗೆ ವಿನಾಯಿತಿಯಿಲ್ಲ. ಸಾಕಷ್ಟು ಆಹಾರ, ನೀರು, ಆಸರೆ ಕೊಡದ ಮಾಲಕ ಅಪರಾಧಿ. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಹೇಳುವ ದಂಡ 10 ರೂಪಾಯಿಯಿಂದ 50 ರೂಪಾಯಿ. ಹುಬ್ಬಳ್ಳಿಯ ಖಾನಾವಳಿಯಲ್ಲಿ ಒಂದು ಊಟಕ್ಕೂ ಸಾಲದ ಹಣ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಪ್ರತಿ ಅಂಗಡಿಯೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕೆಂದು ವಿಧಿಸಿದವು. ನಾಯಿ, ಬೆಕ್ಕು, ಮೊಲ, ಇಲಿ, ಪಂಜರದ ಹಕ್ಕಿಗಳನ್ನು ಆ ನಿಯಮಗಳು ಹೆಸರಿಸುತ್ತವೆ. ಸರೀಸೃಪಗಳು ‘ಇತರೆ’ಗಳ ಗುಂಪಿನಲ್ಲಿ ಬಂದು ಸೇರಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಮೂಲಕ ಇಗುವಾನಾ, ಬಾಲ್ ಪೈಥಾನ್ ಮುಂತಾದ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕಾಗಿದೆ. ಆದರೆ ನೋಂದಣಿಯ ಕಾಗದ ತೊಟ್ಟಿಯ ನೀರನ್ನು ಬದಲಿಸುವುದಿಲ್ಲ.

1960ರ ಕಾಯ್ದೆಯ 3ನೆಯ ಕಲಮು ಇನ್ನೊಂದು ಮಾತು ಹೇಳುತ್ತದೆ. ಪ್ರಾಣಿಯ ಉಸ್ತುವಾರಿ ಯಾರ ಕೈಯಲ್ಲಿದೆಯೋ ಅಂಥ ಪ್ರತಿಯೊಬ್ಬರೂ ಅದರ ಯೋಗಕ್ಷೇಮ ನೋಡಬೇಕು, ಅನಗತ್ಯ ನೋವನ್ನು ತಡೆಯಬೇಕು. ಇಲ್ಲಿ ಮಾಲಕ ಎಂಬ ಪದವಷ್ಟೇ ಇಲ್ಲ. ಬೆಳಿಗ್ಗೆ ಬೀಗ ತೆಗೆದು ಕಸ ಗುಡಿಸುವ ಕೆಲಸಗಾರನೂ ಬರುತ್ತಾನೆ. ಅವನ ಸಂಕಟ ಇರುವುದು ಇಲ್ಲಿಯೇ. ಕರ್ತವ್ಯ ಅವನದು, ಅಧಿಕಾರ ಅವನದಲ್ಲ. ದೀಪ ಕೊಳ್ಳುವ ಹಣ ಅವನಲ್ಲಿಲ್ಲ. ಕೇಳಿದರೆ ಕೆಲಸ ಹೋದೀತೆಂಬ ಭಯ. ಊರಿಗೆ ಕಳಿಸುವ ದುಡ್ಡು, ಕೋಣೆಯ ಬಾಡಿಗೆ, ಪರೀಕ್ಷೆಯ ಶುಲ್ಕ ಎಲ್ಲವೂ ಆ ಪಗಾರದ ಮೇಲೆ ನಿಂತಿವೆ.

ಮನಸ್ಸಾಕ್ಷಿಯಿದ್ದರೆ ಕೆಲಸ ಬಿಡಲಿ ಎನ್ನುವವರಿದ್ದಾರೆ. ಹೇಳಲು ಸುಲಭ. ಅವನು ಬಿಟ್ಟ ಮರುದಿನ ಇನ್ನೊಬ್ಬ ಬರುತ್ತಾನೆ, ಆಮೆ ಅಲ್ಲಿಯೇ ಇರುತ್ತದೆ. ಅದರ ನೋವನ್ನು ಗುರುತಿಸಬಲ್ಲ ಕಣ್ಣೊಂದು ಮಾತ್ರ ಇಲ್ಲವಾಗುತ್ತದೆ. ಇದ್ದುಕೊಂಡೇ ಮಾಡಬಹುದಾದ ಕೆಲಸಗಳಿವೆ. ದಿನವೂ ನೀರು ಬದಲಿಸುವುದು, ಏರಲು ಒಂದು ಹೆಂಚಿನ ತುಂಡು ಇಡುವುದು, ಬಿಸಿಲಿದ್ದಾಗ ನೆರಳೂ ಇರುವಂತೆ ನೋಡಿಕೊಂಡು ತೊಟ್ಟಿಯನ್ನು ಹೊರಗಿಡುವುದು. ಇವಕ್ಕೆ ಹಣ ಬೇಕಿಲ್ಲ. ಎಷ್ಟು ಬಂದವು, ಎಷ್ಟು ಸತ್ತವು ಎಂದು ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದು ಇನ್ನೂ ದೊಡ್ಡ ಕೆಲಸ. ಮಾಲಕ ಆ ಲೆಕ್ಕವನ್ನು ಕಂಡು ತಿದ್ದಿಕೊಂಡರೆ ಒಳಿತು. ತಿದ್ದಿಕೊಳ್ಳದಿದ್ದರೆ ಜಿಲ್ಲೆಯ ಪ್ರಾಣಿ ಹಿಂಸಾ ತಡೆ ಸಂಘಕ್ಕೆ, ಪಶುವೈದ್ಯ ಇಲಾಖೆಗೆ ದೂರು ಕೊಡಲು ಅದೇ ಆಧಾರ. ಆ ದೂರನ್ನು ಒಬ್ಬ ಹುಡುಗನ ಹೆಗಲಿಗೆ ಬಿಡದೆ ವಿದ್ಯಾರ್ಥಿ ಸಂಘಟನೆಗಳು ಮುಂದಾಗಿ ಒಯ್ಯಬೇಕು.

ತನ್ನ ಆರೋಗ್ಯವನ್ನೂ ಅವನು ಮರೆಯಬಾರದು. ಆಮೆಗಳ ಮೈಯಲ್ಲಿ, ಅವುಗಳ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುತ್ತದೆ. ಅದು ಮಕ್ಕಳಿಗೆ ತಗಲುತ್ತಿದ್ದ ಕಾರಣಕ್ಕೇ ಅಮೆರಿಕವು 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿತು. ತೊಟ್ಟಿ ತೊಳೆದ ಕೈಯನ್ನು ಸಾಬೂನಿನಿಂದ ತೊಳೆಯದೆ ಬುತ್ತಿ ಬಿಚ್ಚುವ ಹುಡುಗನೂ ಆ ಆಮೆಯಂತೆಯೇ ನಿರ್ಲಕ್ಷ್ಯಕ್ಕೆ ಒಳಗಾದವನು.

ಕೊಳ್ಳುವವರ ಮಾತೇನು? ಅಯ್ಯೋ ಪಾಪವೆಂದು ಮರಿಯನ್ನು ಕೊಂಡು ತರುವ ವಿದ್ಯಾರ್ಥಿಯ ಉದ್ದೇಶ ಒಳ್ಳೆಯದೇ. ಆದರೆ ಮಾಲಕನ ಲೆಕ್ಕದಲ್ಲಿ ಕನಿಕರವೂ ಒಂದು ಗಿರಾಕಿ. ಖಾಲಿಯಾದ ತೊಟ್ಟಿಗೆ ಇನ್ನೊಂದು ಮರಿ ಬರುತ್ತದೆ. ನಾಣ್ಯದಷ್ಟಿದ್ದ ಆ ಮರಿ ಬೆಳೆದು ಊಟದ ತಾಟಿನಷ್ಟಾಗುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ವಸತಿಗೃಹದ ಕೋಣೆಯಲ್ಲಿ ಅದಕ್ಕೆ ಜಾಗವೆಲ್ಲಿ? ಕೊನೆಗೆ ಕೆರೆಗೆ ಬಿಡುವುದೇ ಪುಣ್ಯವೆಂದು ತೋರುತ್ತದೆ. ಮಿಸಿಸಿಪಿ ನದಿಯ ಸೀಮೆಯ ಈ ಆಮೆ ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೇರಳದಲ್ಲಿ ಇವು ಜಲಮೂಲಗಳನ್ನು ಸೇರಿದ್ದರಿಂದ ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯೇ ಅವುಗಳನ್ನು ಹಿಡಿದು ಸಂಗ್ರಹಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಉಣಕಲ್ ಕೆರೆಗೋ ಕೆಲಗೇರಿ ಕೆರೆಗೋ ಇವುಗಳನ್ನು ಬಿಟ್ಟರೆ ನಾಡಿನ ಆಮೆಗಳ ಪಾಲಿನ ಆಹಾರ, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿದುಕೊಟ್ಟಂತೆ.

ಗುಡ್ಡಗಾಡಿನ ಹಳ್ಳಿಗಳಿಗೆ ಈ ಅಂಗಡಿಗಳು ದೂರದ ಸಂಗತಿಯಲ್ಲ. ಮನೆಯಲ್ಲಿ ಆಮೆಯಿದ್ದರೆ ಅದೃಷ್ಟವೆಂಬ ನಂಬಿಕೆಯ ಬೆನ್ನು ಹತ್ತಿ ಬರುವ ದಲ್ಲಾಳಿ ಮೊದಲು ತಲುಪುವುದು ಹಳ್ಳಿಯನ್ನೇ. ಒಣಸೀಮೆಯ ನಕ್ಷತ್ರ ಆಮೆಯ ಕತೆ ಕಣ್ಣ ಮುಂದಿದೆ. ದೇಶದ ಒಂದೇ ಸಂಗ್ರಹ ತಾಣದಿಂದ ವರ್ಷವೊಂದಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಕಳ್ಳಸಾಗಣೆಯಾಗುತ್ತಿದ್ದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. 2019ರಲ್ಲಿ ಜಗತ್ತಿನ ದೇಶಗಳು ಸೇರಿ ಅದರ ಅಂತಾರಾಷ್ಟ್ರೀಯ ವಾಣಿಜ್ಯವನ್ನು ನಿಷೇಧಿಸಿದವು. ಪಶ್ಚಿಮ ಘಟ್ಟದ ಕಾಡಿಗೂ ತನ್ನವೇ ಆದ ಆಮೆಗಳಿವೆ. 1912ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯವಾಗಿ, ಬಳಿಕ ದಶಕಗಳ ಕಾಲ ಕಣ್ಮರೆಯಾಗಿದ್ದ ಬೆತ್ತದ ಆಮೆಯನ್ನು 1982ರಲ್ಲಿ ಮತ್ತೆ ಹುಡುಕಿದವರು ಜೆ. ವಿಜಯಾ ಎಂಬ ಸಂಶೋಧಕಿ. ಅದರ ಕುಲಕ್ಕೆ ಇಂದು ಅವರದೇ ಹೆಸರಿದೆ. ಒಬ್ಬ ಹೆಣ್ಣುಮಗಳು ಕಾಡು ಅಲೆದು ಹುಡುಕಿಕೊಟ್ಟ ಜೀವಿಯನ್ನು ದಲ್ಲಾಳಿಯ ಚೀಲಕ್ಕೆ ಹಾಕಬಹುದೆ?

ಮನುಷ್ಯರಿಗೇ ಅನ್ನವಿಲ್ಲದಾಗ ಆಮೆಯ ಚಿಂತೆ ಏಕೆಂದು ಕೇಳುವವರಿಗೆ ಉತ್ತರ ಅಂಗಡಿಯಲ್ಲಿಯೇ ಇದೆ. ಆಮೆಗೆ ದೀಪ ದಂಡವೆನ್ನುವ ಲೆಕ್ಕ, ಕೆಲಸಗಾರನಿಗೆ ಕೈಚೀಲವೂ ದಂಡವೆನ್ನುತ್ತದೆ. ಎರಡೂ ಒಂದೇ ಲೆಕ್ಕ. ಸಾಕಲಾಗದ್ದನ್ನು ಮಾರಬಾರದು, ಸಾಕಲಾಗದ್ದನ್ನು ಕೊಳ್ಳಬಾರದು, ಕಾಡಿನದನ್ನು ಹಿಡಿದು ಕೊಡಬಾರದು. ಪಂಚಮಿಯ ದಿನ ಮಣ್ಣಿನ ನಾಗನಿಗೆ ಹಾಲೆರೆಯುವ ನಾಡಿನಲ್ಲಿ ಗಾಜಿನ ಹಿಂದಿನ ಜೀವಿಗೆ ಶುದ್ಧ ನೀರು, ಒಣ ಕಲ್ಲು, ಒಂದಿಷ್ಟು ಬಿಸಿಲು ಕೇಳುವುದು ಅತಿಯಾಸೆಯಲ್ಲ. ಅದು ಕೂಗಲಾರದು, ಅದರ ಪರವಾಗಿ ಕೇಳಬೇಕಾದವರು ಅದನ್ನು ದಿನವೂ ಕಾಣುವವರು.