ಮೇಜಿನ ಮೇಲಿನ ನಾಯಿ ನಿಮ್ಮ ಸೆಲ್ಫಿಗೆ ನಿಂತಿಲ್ಲ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ತಪ್ಪು ಮಾಡಿದವನು ನಾನೇ.

ಬೆಂಗಳೂರಿನಲ್ಲಿ ಒಂದು ಭಾನುವಾರ ನಾಯಿ ಪ್ರದರ್ಶನ ನೋಡಲು ಹೋಗಿದ್ದೆ. ಒಂದು ಮೂಲೆಯಲ್ಲಿ ಗ್ರೂಮಿಂಗ್ ಸ್ಪರ್ಧೆ ನಡೀತಿತ್ತು. ಸಾಲಾಗಿ ಮೇಜುಗಳು, ಪ್ರತಿ ಮೇಜಿನ ಮೇಲೆ ಒಂದು ನಾಯಿ, ಪಕ್ಕದಲ್ಲಿ ಕತ್ತರಿ ಹಿಡಿದ ಒಬ್ಬ ಸ್ಪರ್ಧಿ. ಮುಂದಿನ ಮೇಜಿನ ಬಿಳಿ ಪೂಡಲ್ ತುಂಬಾ ಮುದ್ದಾಗಿತ್ತು. ಫೋಟೊಗೆ ಈ ಕಡೆ ನೋಡಲಿ ಅಂತ ಸಿಳ್ಳೆ ಹೊಡೆದೆ. ಸಾಲದ್ದಕ್ಕೆ ಜೇಬಿನಿಂದ ಬಿಸ್ಕಿಟ್ ಪ್ಯಾಕೆಟ್ ತೆಗೆದು ಚರಪರ ಸದ್ದು ಮಾಡಿದೆ. ನಾಯಿ ಗಕ್ಕನೆ ತಿರುಗಿತು. ಕತ್ತರಿ ಆಗ ಅದರ ಕಿವಿಯ ಅಂಚಿನಲ್ಲಿತ್ತು. ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು. ಸ್ವಲ್ಪದರಲ್ಲಿ ತಪ್ಪಿತು.

"ಅಣ್ಣಾ, ಆ ಬಿಸ್ಕಿಟ್ ಒಳಗ ಇಟ್ಕೋರಿ. ಇದರ ಕಿವಿ ಹೋದ್ರ ನೀವು ಹಚ್ಚಿ ಕೊಡ್ತೀರೇನು?"

ಬೈದದ್ದಕ್ಕಿಂತ ಆ ಧಾಟಿ ಚುಚ್ಚಿತು. ಅದು ನಮ್ಮ ಕಡೆಯ ಮಾತು. ಆಮೇಲೆ ಕೇಳಿದರೆ ಕಲಬುರಗಿಯ ಜಗತ್ ಕಡೆಯವಳು. ನನ್ನೂರು ಕಮಲಾಪುರದ ಹತ್ತಿರದ ಹಳ್ಳಿ. ದನಗಳ ನಡುವೆ ಬೆಳೆದ ನನಗೆ ಪ್ರಾಣಿಯ ಮುಂದೆ ಹೇಗಿರಬೇಕು ಅಂತ ಪೇಟೆಯ ಹುಡುಗಿ ಹೇಳಿಕೊಡಬೇಕಾಯಿತು.

ಕಾರಹುಣ್ಣಿಮೆ ಬಂತೆಂದರೆ ನಮ್ಮಪ್ಪ ಬೆಳಗ್ಗೆಯೇ ಎತ್ತು ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಜೂಲ ಹೊದಿಸುತ್ತಿದ್ದ. ಅದೂ ಗ್ರೂಮಿಂಗೇ ತಾನೆ? ಕೊಂಬಿಗೆ ಕೈ ಹಚ್ಚಿದಾಗ ನಾವು ಹುಡುಗರು ಕೂಗುವಂತಿಲ್ಲ, ಹಿಂದಿನಿಂದ ಹೋಗುವಂತಿಲ್ಲ. "ಮುಂದಿಂದ ಬಾ, ಮಾತಾಡ್ಸಕೋತ ಬಾ" ಅನ್ನುತ್ತಿದ್ದ. ಹಂಗಂತ ಹಳ್ಳಿಯೆಲ್ಲಾ ಬಂಗಾರ ಅಂತ ನಾನು ಹೇಳ್ತಿಲ್ಲ. ಅದೇ ಸಂಜೆ ಕರಿ ಹರಿಯುವಾಗ ಅದೇ ಎತ್ತುಗಳನ್ನು ಕೋಲು ಹಿಡಿದು ಬೆದರಿಸಿ ಓಡಿಸುತ್ತಿದ್ದರು, ನಾವು ಕೇಕೆ ಹಾಕುತ್ತಿದ್ದೆವು. ಬೆಳಗಿನ ಶಿಸ್ತು ಸಂಜೆ ಯಾಕೆ ಮರೆಯುತ್ತಿತ್ತು? ಜನ ಸೇರಿದ್ದರು, ಅಷ್ಟೆ. ಜನ ಸೇರಿದ ಕಡೆ ಪ್ರಾಣಿ ತಮಾಷೆಯ ವಸ್ತುವಾಗುತ್ತದೆ.

ನಾಯಿ ಪ್ರದರ್ಶನದಲ್ಲೂ ಆಗುವುದು ಇದೇ. ಎಂಟ್ರಿ ಫಾರ್ಮಿಗೆ ಸಹಿ ಹಾಕಿದ್ದು ಮಾಲೀಕ. ಟ್ರೋಫಿ ಆಸೆ ಗ್ರೂಮರ್‌ಗೆ. ರೀಲ್ಸ್ ಆಸೆ ನಮಗೆ. ಗಂಟೆಗಟ್ಟಲೆ ನಿಲ್ಲುವುದು ಮಾತ್ರ ನಾಯಿ. ಅದನ್ನು ಯಾರೂ ಕೇಳಿಲ್ಲ. ಹಾಗಾಗಿ ಇಲ್ಲಿ ಶಿಷ್ಟಾಚಾರ ಅನ್ನೋದು ಒಬ್ಬರಿಗೊಬ್ಬರು ಥ್ಯಾಂಕ್ಯೂ, ಸಾರಿ ಹೇಳುವುದಲ್ಲ. ನಾಯಿಯ ಪರವಾಗಿ ನಾವು ತೋರಿಸಬೇಕಾದ ಸಂಯಮ ಅದು.

"ನಾನು ಡಾಗ್ ಲವರ್ ಕಣ್ರೀ, ಮುಟ್ಟಿದರೆ ಏನಾಯ್ತು?" ಅನ್ನುವವರು ಬಹಳ. ಪ್ರೊಡಕ್ಷನ್‌ಗೆ ಕೋಡ್ ಹಾಕುವಾಗ ಪಕ್ಕದವನು ನಿಮ್ಮ ಕೀಬೋರ್ಡ್ ಮುಟ್ಟಿದರೆ ಸುಮ್ಮನಿರುತ್ತೀರಾ? ಅಲ್ಲಿ ಕೆಟ್ಟರೆ ರೋಲ್‌ಬ್ಯಾಕ್ ಮಾಡಬಹುದು, ಕತ್ತರಿಸಿದ ಕಿವಿಗೆ ರೋಲ್‌ಬ್ಯಾಕ್ ಇಲ್ಲ. ಮುಟ್ಟಬೇಕಿದ್ದರೆ ಸ್ಪರ್ಧೆ ಮುಗಿದ ಮೇಲೆ ಮಾಲೀಕರನ್ನು ಕೇಳಿ. ಬೇಡ ಅಂದರೆ ಬೇಡ. ಫ್ಲ್ಯಾಶ್ ಬೇಡ, ಸಿಳ್ಳೆ ಬೇಡ, ತಿಂಡಿ ಬೇಡ. ನಿಮ್ಮ ಮನೆ ನಾಯಿಯನ್ನು ರಿಂಗ್ ಹತ್ತಿರ ಎಳೆದು ತರಬೇಡಿ. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಬರಲೂಬೇಡಿ, ಪ್ರಾಣ ಹೋಗುತ್ತದೆ.

ಬಾಯಿಗೂ ಬೀಗ ಬೇಕು. ಅಂದು ಇನ್ನೊಂದು ರಿಂಗ್‌ನಲ್ಲಿ ಮುಧೋಳ ನಾಯಿ ನಿಂತಿತ್ತು. "ಊಟ ಹಾಕಲ್ವಾ ಇದಕ್ಕೆ?" ಅಂತ ಒಬ್ಬರು ನಕ್ಕರು. ಕಣ್ಣಿನಿಂದ ಬೇಟೆ ಗುರುತಿಸಿ ಓಡುವ ತಳಿ ಅದು. ತೆಳ್ಳಗಿರುವುದೇ ಅದರ ಮೈಕಟ್ಟು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನೇ ತಂದಿದೆ. ಅಪರಿಚಿತರು ಮುಟ್ಟಿದರೆ ಅದಕ್ಕೆ ಆಗಿಬರುವುದಿಲ್ಲ. ನಕ್ಕವರೇ ಆಮೇಲೆ ಅದರ ಬೆನ್ನು ತಟ್ಟಲು ಹೋದರು!

ಸ್ಪರ್ಧಿಗಳನ್ನೂ ಬಿಡುವ ಹಾಗಿಲ್ಲ. ಕುಣಿಕೆ ಹಾಕಿ ಮೇಜಿನ ಮೇಲೆ ನಿಲ್ಲಿಸಿದ ನಾಯಿಯನ್ನು ಒಂದು ನಿಮಿಷವೂ ಬಿಟ್ಟು ಹೋಗಬಾರದು. ಜಿಗಿದರೆ ಅದೇ ನೇಣು. ಕ್ಲಿಪ್ಪರ್ ಬ್ಲೇಡ್ ಓಡಿ ಓಡಿ ಕಾಯುತ್ತದೆ, ಆಗಾಗ ನಿಮ್ಮ ಕೈಗೆ ತಾಗಿಸಿ ನೋಡಿ. ನಾಯಿ ಮತ್ತೆ ಮತ್ತೆ ಆಕಳಿಸುತ್ತಿದೆ, ತುಟಿ ನೆಕ್ಕುತ್ತಿದೆ, ಬಾಲ ಒಳಗೆಳೆದುಕೊಂಡಿದೆ ಅಂದರೆ ಅದು "ಸಾಕು" ಅನ್ನುತ್ತಿದೆ. ಆಗ ನಿಲ್ಲಿಸಿ. ಸೋತಾಗ ಸಿಟ್ಟನ್ನು ನಾಯಿಯ ಮೇಲೆ ತೀರಿಸಬೇಡಿ, ಜಡ್ಜ್ ಜೊತೆ ಜಗಳಕ್ಕೆ ನಿಲ್ಲಬೇಡಿ. ಎಲ್ಲಿ ತಪ್ಪಾಯಿತು ಅಂತ ಕೇಳಿ ಬನ್ನಿ.

"ಇದೆಲ್ಲ ಶ್ರೀಮಂತರ ಶೋಕಿ, ನಮಗ್ಯಾಕೆ?" ಅನ್ನಬಹುದು. ಪೂಡಲ್ ಮೂಲದಲ್ಲಿ ನೀರಿಗಿಳಿದು ಬೇಟೆಯ ಹಕ್ಕಿ ತರುತ್ತಿದ್ದ ದುಡಿಯುವ ನಾಯಿ. ಈಜಲು ಅನುಕೂಲವಾಗಲಿ ಅಂತ ಕೂದಲು ಕತ್ತರಿಸುತ್ತಿದ್ದರು, ಕೀಲುಗಳ ಬಳಿ ಬೆಚ್ಚಗಿರಲಿ ಅಂತ ಬಿಡುತ್ತಿದ್ದರು. ಶೋಕಿ ಆಮೇಲೆ ಬಂತು. ನಮ್ಮೂರಿಗೂ ಬಂದಿದೆ. ನಲವತ್ತು ಡಿಗ್ರಿ ದಾಟುವ ಕಲಬುರಗಿಯಲ್ಲಿ ಹಸ್ಕಿ ಸಾಕುತ್ತಾರೆ, ಸೆಖೆ ಅಂತ ಬೋಳಿಸುತ್ತಾರೆ. ಎರಡು ಪದರದ ಆ ಕೂದಲು ಬಿಸಿಲಿನಿಂದಲೂ ಕಾಯುತ್ತದೆ ಅಂತ ತಿಳಿದುಕೊಳ್ಳುವುದೇ ಇಲ್ಲ. ಸ್ಪರ್ಧೆಯಲ್ಲಿ ನೋಡಿದ್ದನ್ನೇ ಜನ ಮನೆಯಲ್ಲಿ ಮಾಡುತ್ತಾರೆ. ಅದಕ್ಕೇ ಸ್ಪರ್ಧೆಯ ನಡವಳಿಕೆ ನಮಗೆ ಬೇಕು.

ಆ ಹುಡುಗಿಯ ಕಥೆ ಇನ್ನೂ ಇದೆ. ನನ್ನ ಬಿಸ್ಕಿಟ್‌ನಿಂದ ಕೆದರಿದ ನಾಯಿ ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಅವಳು ಕತ್ತರಿ ಕೆಳಗಿಟ್ಟು, ಅದರ ಎದೆ ಸವರುತ್ತಾ ಬಹಳ ಹೊತ್ತು ನಿಂತಳು. ಸಮಯ ಮುಗಿದಾಗ ಒಂದು ಕಾಲು ಹಾಗೇ ಉಳಿದಿತ್ತು. ಬಹುಮಾನ ಬೇರೆಯವರಿಗೆ ಹೋಯಿತು. ನಾನು ಹೋಗಿ ಸಾರಿ ಕೇಳಿದೆ.

"ನನಗ್ಯಾಕ ಹೇಳ್ತೀರಿ ಅಣ್ಣಾ? ಅಂಜಿದ್ದು ಅದು" ಅಂದಳು.

ನಾಯಿಯ ಕಡೆ ತಿರುಗಿದೆ. ಅದು ನನ್ನನ್ನು ನೋಡಿ ಅವಳ ಹಿಂದೆ ಸರಿಯಿತು. ನಾನು ಕೈ ಚಾಚಲಿಲ್ಲ. ಅವತ್ತಿಡೀ ನಾನು ಮಾಡಿದ ಒಂದೇ ಸರಿಯಾದ ಕೆಲಸ ಅದು.