ಹತ್ತನೇ ತರಗತಿ: ಬಿತ್ತನೆ ಜೂನ್‌ನಲ್ಲೇ ಆಗಲಿ

ಮುಂಗಾರು ಕಾಲಿಟ್ಟೊಡನೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಎರಡು ಬಗೆಯ ಬಿತ್ತನೆ ಏಕಕಾಲಕ್ಕೆ ಆರಂಭವಾಗಬೇಕು. ಒಂದು ಹೊಲದಲ್ಲಿ, ಇನ್ನೊಂದು ಹತ್ತನೇ ತರಗತಿಯ ಕೊಠಡಿಯಲ್ಲಿ. ಮೊದಲನೆಯದನ್ನು ಯಾವ ರೈತನೂ ಜನವರಿಗೆ ಮುಂದೂಡುವುದಿಲ್ಲ. ಎರಡನೆಯದನ್ನು ನಮ್ಮ ಶಿಕ್ಷಣ ವ್ಯವಸ್ಥೆ ವರ್ಷವರ್ಷವೂ ಮುಂದೂಡುತ್ತ ಬಂದಿದೆ.

ಇದರ ಪರಿಣಾಮ ಏನೆಂಬುದು 2024ರಲ್ಲಿ ಬಯಲಾಯಿತು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಹಿಂದಿನ ವರ್ಷ ಶೇ 83ರಷ್ಟಿದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಧಾರಾಳವಾಗಿ ನೀಡಿದ ಮೇಲೂ, ಶೇ 73ಕ್ಕೆ ಕುಸಿಯಿತು. 2025ರಲ್ಲಿ ಅದು ಶೇ 66ರ ಆಸುಪಾಸಿಗೆ ಬಂತು. ಅದೇ ವರ್ಷ, ತೇರ್ಗಡೆಯ ಗೆರೆಯನ್ನು ಶೇ 35ರಿಂದ 33ಕ್ಕೆ ಇಳಿಸುವ ತೀರ್ಮಾನವನ್ನು ಸರ್ಕಾರ ಪ್ರಕಟಿಸಿತು. ನಕಲು ತಡೆದದ್ದು ಸರಿಯಾದ ಕ್ರಮ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡಿಯಲ್ಲಿ ಕಂಡ ಮುಖದ ಕಲೆಗೆ ಕನ್ನಡಿಯನ್ನು ಮಸುಕುಗೊಳಿಸುವುದು ಪರಿಹಾರವಾಗಲಾರದು.

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ನಾನು ಭಾಗವಹಿಸಿದ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಚರ್ಚೆ ಕಾವೇರುತ್ತಿದ್ದುದು ಸಂಕ್ರಾಂತಿಯ ನಂತರವೇ. ಆಗ ಪರಿಹಾರ ಬೋಧನೆ, ಸರಣಿ ಪರೀಕ್ಷೆ, ರಾತ್ರಿ ಓದು, ಮಾದರಿ ಪ್ರಶ್ನೆಪತ್ರಿಕೆ ಎಲ್ಲವೂ ಒಟ್ಟಿಗೆ ಮಕ್ಕಳ ಮೇಲೆ ಬೀಳುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಅದೇ ಶ್ರಮ ಜೂನ್‌ನಲ್ಲಿ ಕೊಡುವ ಫಲದ ಒಂದಂಶವನ್ನೂ ಫೆಬ್ರುವರಿಯಲ್ಲಿ ಕೊಡದು. ಭಿನ್ನರಾಶಿಯೇ ತಿಳಿಯದ ಮಗುವಿಗೆ ಬೀಜಗಣಿತದ ಉತ್ತರವನ್ನು ಬಾಯಿಪಾಠ ಮಾಡಿಸಬಹುದು, ಕಲಿಸಲಾಗದು.

ಈ ಮೂರು ತಾಲ್ಲೂಕುಗಳ ಬದುಕಿನ ಲಯವೂ ಗಮನಾರ್ಹ. ಕಡೂರು ಬಹುಪಾಲು ಬಯಲುಸೀಮೆ. ತರೀಕೆರೆ ಮಲೆನಾಡಿನ ಅಂಚು. ತರೀಕೆರೆಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಅಜ್ಜಂಪುರ ಇವೆರಡರ ನಡುವಿನದು. ಮಳೆಗಾಲ ಮುಗಿಯುತ್ತಿದ್ದಂತೆ ಈರುಳ್ಳಿ ಕೀಳುವ ಕೆಲಸ, ಅದರ ಬೆನ್ನಿಗೆ ಅಡಿಕೆ ಕೊಯ್ಲು, ಸುಲಿತ. ಆಳುಗಳ ಅಭಾವವಿರುವ ಮನೆಗಳಲ್ಲಿ ಮಕ್ಕಳ ಕೈಗಳೂ ಬೇಕಾಗುತ್ತವೆ. ಹೀಗಾಗಿ ಇಲ್ಲಿನ ಬಡ ವಿದ್ಯಾರ್ಥಿಗೆ ನಿರಾತಂಕವಾಗಿ ದೊರೆಯುವ ಕಲಿಕೆಯ ಅವಧಿಯೆಂದರೆ ಮೊದಲ ಮೂರು ತಿಂಗಳು. ಆ ತಿಂಗಳುಗಳೇ ಶಿಕ್ಷಕರ ವರ್ಗಾವಣೆ, ಅತಿಥಿ ಶಿಕ್ಷಕರ ನೇಮಕದ ವಿಳಂಬಗಳಲ್ಲಿ ಕಳೆದುಹೋದರೆ ಆ ನಷ್ಟವನ್ನು ತುಂಬುವವರು ಯಾರು?

ಉಳ್ಳವರ ಮಕ್ಕಳಿಗೆ ಈ ಪ್ರಶ್ನೆ ಎದುರಾಗುವುದಿಲ್ಲ. ಅವರಿಗೆ ಬೇಸಿಗೆ ರಜೆಯಲ್ಲೇ ಮನೆಪಾಠ ಶುರುವಾಗಿರುತ್ತದೆ. ಹಳ್ಳಿಯ ಮಗು ಅನುತ್ತೀರ್ಣವಾದರೆ ಪಿಯುಸಿ, ಡಿಪ್ಲೊಮಾಗಳ ಬಾಗಿಲು ಮುಚ್ಚುತ್ತದೆ. ಹುಡುಗ ಗಾರೆ ಕೆಲಸಕ್ಕೋ ಹೋಟೆಲಿಗೋ ಬೆಂಗಳೂರಿನ ದಾರಿ ಹಿಡಿಯುತ್ತಾನೆ. ಹುಡುಗಿಯ ಮನೆಯಲ್ಲಿ ಮದುವೆಯ ಮಾತು ಮೊದಲಾಗುತ್ತದೆ. ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಕಲ್ಪಿಸಿರುವುದು ಸ್ವಾಗತಾರ್ಹವೇ. ಆದರೆ ವರ್ಷವಿಡೀ ಕಲಿಯದಿದ್ದುದನ್ನು ಕೆಲವೇ ವಾರಗಳಲ್ಲಿ ಕಲಿಯುವುದು ಎಷ್ಟು ಮಕ್ಕಳಿಗೆ ಸಾಧ್ಯ?

ಆಗಬೇಕಾದ ಕೆಲಸ ದುಬಾರಿಯದೇನೂ ಅಲ್ಲ. ಶಾಲೆ ತೆರೆದ ಮೊದಲ ಹದಿನೈದು ದಿನಗಳಲ್ಲಿ ಪ್ರತಿ ವಿದ್ಯಾರ್ಥಿಯ ಓದು, ಬರಹ, ಲೆಕ್ಕದ ಮಟ್ಟವನ್ನು ಅಳೆಯಬೇಕು. ಹಿಂದುಳಿದವರಿಗೆ ಆಗಸ್ಟ್ ಅಂತ್ಯದವರೆಗೆ ದಿನಕ್ಕೊಂದು ತಾಸು, ಪಠ್ಯದ ಗಡಿಬಿಡಿಯಿಲ್ಲದೆ, ಬುನಾದಿಯನ್ನು ಕಲಿಸಬೇಕು. ಗಣಿತ, ವಿಜ್ಞಾನ, ಇಂಗ್ಲಿಷ್‌ನ ಖಾಲಿ ಹುದ್ದೆಗಳಿಗೆ ಶಾಲೆ ತೆರೆಯುವ ದಿನವೇ ಅತಿಥಿ ಶಿಕ್ಷಕರಿರಬೇಕು. ಕೊಯ್ಲಿನ ದಿನಗಳ ಹಾಜರಾತಿಯ ಬಗ್ಗೆ ಶಾಲಾಭಿವೃದ್ಧಿ ಸಮಿತಿಗಳು ಪೋಷಕರೊಡನೆ ಮುಂಚಿತವಾಗಿಯೇ ಮಾತನಾಡಬೇಕು.

ಫಲಿತಾಂಶ ಕುಸಿದಾಗ ಮುಖ್ಯ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು ಕೊಡುವ ಸಂಪ್ರದಾಯ ನಮ್ಮಲ್ಲಿದೆ. ಜೂನ್ ತಿಂಗಳಲ್ಲಿ ಶಿಕ್ಷಕರಿಲ್ಲದ ತರಗತಿಗಳ ಬಗ್ಗೆ ಅಂಥದೇ ನೋಟಿಸು ಮೇಲಿನವರಿಗೂ ಹೋಗುವಂತಾದರೆ, ಮಾರ್ಚ್‌ನಲ್ಲಿ ಗೆರೆ ಇಳಿಸುವ ಅಗತ್ಯ ಬೀಳಲಾರದು.