ಪಿಂಗಾಣಿಯ ಹಲ್ಲೂ ಅವಸರದ ಕೆತ್ತನೆಯೂ

ನಮ್ಮವರು ದಂತವೈದ್ಯರ ಬಳಿಗೆ ಹೋದಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರೇ: ಕ್ಯಾಪಿಗೆ ಎಷ್ಟಾಗುತ್ತದೆ, ಅದು ಯಾವ ಜಾತಿಯದು, ಗ್ಯಾರಂಟಿ ಎಷ್ಟು ವರುಷ? ಲೋಹದ್ದು ಅಗ್ಗ, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು ಮಧ್ಯಮ, ಬರಿಯ ಪಿಂಗಾಣಿಯದು, ಅದರಲ್ಲಿಯೂ ಜಿರ್ಕೋನಿಯಾ ಎಂಬುದು ತುಟ್ಟಿ ಎಂಬಷ್ಟು ತಿಳಿವಳಿಕೆ ಇಂದು ಮುಂಬಯಿಯ ಹೋಟೆಲಿನ ಗಲ್ಲೆಯ ಮೇಲೆ ಕುಳಿತವನಿಗೂ ಉಂಟು, ಪುಣೆಯ ಕಚೇರಿಯ ಗುಮಾಸ್ತನಿಗೂ ಉಂಟು. ಆದರೆ ಆ ಕ್ಯಾಪು ಕೂರಬೇಕಾದ ಹಲ್ಲನ್ನು ಯಾವ ರೀತಿಯಲ್ಲಿ ಕೆತ್ತುತ್ತೀರಿ, ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳುವವರು ತೀರ ವಿರಳ. ಕ್ಯಾಪಿನ ಆಯುಷ್ಯವು ಅದರ ಜಾತಿಗಿಂತ ಹೆಚ್ಚಾಗಿ ಈ ಕೆತ್ತನೆಯನ್ನೇ ಅವಲಂಬಿಸಿದೆ ಎಂಬುದು ನಮ್ಮ ಅಭಿಪ್ರಾಯ. ತಿಂಗಳುಗಟ್ಟಲೆ ಉಳಿಸಿದ ಹಣವನ್ನು ಒಂದು ಹಲ್ಲಿಗೆ ಸುರಿಯುವವರು ಇಷ್ಟನ್ನಾದರೂ ತಿಳಿದಿರುವುದು ಅವಶ್ಯ.

ಕೆತ್ತನೆಯ ತತ್ತ್ವ ಗಹನವಾದುದೇನೂ ಅಲ್ಲ. ಹೋಟೆಲಿನ ಲೋಟಗಳನ್ನು ಒಂದರ ಮೇಲೊಂದು ಬೋರಲು ಪೇರಿಸಿದವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಲೋಟದ ಗೋಡೆ ಸ್ವಲ್ಪವೇ ಓರೆಯಾಗಿದ್ದರೆ ಮೇಲಿನದು ಕೆಳಗಿನದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಓರೆ ಅತಿಯಾದರೆ ಮೇಲಿನ ಲೋಟ ಮುಟ್ಟಿದರೆ ಬೀಳುತ್ತದೆ. ಗೋಡೆಗಳು ಸ್ವಲ್ಪವೂ ಓರೆಯಿಲ್ಲದೆ ನೆಟ್ಟಗಿದ್ದರೆ ಮೇಲಿನದು ಪೂರ್ತಿ ಕೆಳಗಿಳಿಯುವುದೇ ಇಲ್ಲ. ಹಲ್ಲಿನ ವಿಷಯದಲ್ಲಿ ಒಳಗಿನ ಸಿಮೆಂಟಿಗೆ ಹೊರಬರಲು ದಾರಿ ಸಿಗದೆ ಕ್ಯಾಪು ಎತ್ತರದಲ್ಲಿಯೇ ನಿಂತುಬಿಡುತ್ತದೆ. ಇನ್ನು ಹಲ್ಲು ಚೊಂಬಿನಂತೆ ಹೊಟ್ಟೆ ದಪ್ಪವಾಗಿ ಕುತ್ತಿಗೆ ಸಣ್ಣದಾಗಿ ಉಳಿದರಂತೂ ಹೊಟ್ಟೆಯನ್ನು ದಾಟಿ ಬಂದ ಕ್ಯಾಪು ಕುತ್ತಿಗೆಯ ಬಳಿ ಸಡಿಲವಾಗಲೇಬೇಕು. ಆ ಕುತ್ತಿಗೆಯೇ ಒಸಡಿನ ಸ್ಥಾನ. ಅಲ್ಲಿಯೇ ಅನ್ನದ ಅಗುಳೂ ಚಹದ ಸಕ್ಕರೆಯೂ ಸೇರುವುದು.

ಎದುರುಬದುರಿನ ಗೋಡೆಗಳ ನಡುವೆ ಸುಮಾರು ೬ ಡಿಗ್ರಿಯ ಓರೆ ಇರಬೇಕೆಂದು ಹಳೆಯ ಪಠ್ಯಪುಸ್ತಕಗಳು ಬೋಧಿಸುತ್ತಿದ್ದವು. ಬಾಯಿಯ ಒಳಗೆ, ನಾಲಗೆ ಕೆನ್ನೆಗಳ ನಡುವೆ, ಕನ್ನಡಿಯಲ್ಲಿ ನೋಡುತ್ತ ಕೆಲಸ ಮಾಡುವ ಮನುಷ್ಯನ ಕೈಗೆ ಅದು ದುಸ್ಸಾಧ್ಯವೆಂದು ಅನುಭವ ತೋರಿಸಿತು. ೨೦೦೧ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಸಮೀಕ್ಷೆಯು ೧೦ರಿಂದ ೨೦ ಡಿಗ್ರಿಯವರೆಗಿನ ಓರೆಯನ್ನು ಒಪ್ಪಿಕೊಂಡು, ಅದರ ಜೊತೆಗೆ ಕೆತ್ತಿದ ದವಡೆ ಹಲ್ಲಿನ ಎತ್ತರ ಕನಿಷ್ಠ ೪ ಮಿಲಿಮೀಟರು, ಇತರ ಹಲ್ಲುಗಳದು ೩ ಮಿಲಿಮೀಟರು ಉಳಿಯಬೇಕೆಂದು ಸೂಚಿಸಿತು. ಮೊಟಕಾದ ಗೂಟದ ಮೇಲೆ ಟೋಪಿ ನಿಲ್ಲದೆಂಬ ಸಾದಾ ಮಾತೇ ಇದು.

ಪಿಂಗಾಣಿಗೆ ಇನ್ನೂ ಒಂದು ವಿಶೇಷವಾದ ಹಟವುಂಟು. ಚಿನ್ನವು ಬಾಗುತ್ತದೆ, ಹಿಗ್ಗುತ್ತದೆ. ಅದರ ಅಂಚನ್ನು ಕಾಗದದಷ್ಟು ತೆಳ್ಳಗೆ ಮಾಡಿ ಹಲ್ಲಿಗೆ ಒತ್ತಿಬಿಡಬಹುದು. ಪಿಂಗಾಣಿ ಹಾಗಲ್ಲ. ಅದು ಅದುಮುವ ಭಾರವನ್ನು ಚೆನ್ನಾಗಿ ತಡೆದುಕೊಂಡರೂ ಎಳೆತವನ್ನು ತಾಳದು. ತೆಳುವಾದಲ್ಲಿ ಚಕ್ಕೆ ಏಳುತ್ತದೆ, ಮೊನಚಾದ ಮೂಲೆಯಿದ್ದಲ್ಲಿ ಬಿರುಕು ಹುಟ್ಟುತ್ತದೆ. ಆದುದರಿಂದ ಹಲ್ಲಿನ ಬುಡದ ಸುತ್ತಲೂ ಅದಕ್ಕೆ ಕೂರಲು ಸಣ್ಣದೊಂದು ಜಗಲಿಯನ್ನು ಕಡೆಯಬೇಕಾಗುತ್ತದೆ. ಗಾಜಿನ ಜಾತಿಯ ಪಿಂಗಾಣಿಗೆ ಈ ಜಗಲಿಯ ಅಗಲ ಸುಮಾರು ೧ ಮಿಲಿಮೀಟರು. ಅಗಿಯುವ ಮೇಲ್ಭಾಗದಲ್ಲಿ ಒಂದೂವರೆಯಿಂದ ೨ ಮಿಲಿಮೀಟರು ಜಾಗ ಬಿಡಬೇಕು. ಜಿರ್ಕೋನಿಯಾ ಗಟ್ಟಿಯಾದುದರಿಂದ ಅದಕ್ಕೆ ಇದಕ್ಕಿಂತ ಕಡಿಮೆ ಸಾಕು. ಒಳಗಿನ ಎಲ್ಲ ಮೂಲೆಗಳನ್ನೂ ದುಂಡಗೆ ನಯಗೊಳಿಸಿರಬೇಕು. ಹೆಚ್ಚು ಕೆತ್ತಿದರೆ ಹಲ್ಲಿನ ಜೀವನಾಡಿ ಸಮೀಪಿಸುತ್ತದೆ. ಕಡಿಮೆ ಕೆತ್ತಿದರೆ ಪಿಂಗಾಣಿ ತೆಳುವಾಗಿ ಒಡೆಯುತ್ತದೆ, ಇಲ್ಲವೆ ಕ್ಯಾಪು ದಪ್ಪಗಾಗಿ ಕಚ್ಚುವಾಗ ಮೊದಲು ತಗಲುತ್ತದೆ. ಒಮ್ಮೆ ಕೆತ್ತಿಹೋದ ಹಲ್ಲು ಮತ್ತೆ ಬೆಳೆಯುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪಿಂಗಾಣಿಯ ಹೊದಿಕೆ ಹೊಸದೇನೂ ಅಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ದಂತವೈದ್ಯ ಚಾರ್ಲ್ಸ್ ಲ್ಯಾಂಡ್ ಎಂಬಾತನು ೧೮೮೦ರ ದಶಕದಲ್ಲಿಯೇ ತೆಳ್ಳಗಿನ ಪ್ಲಾಟಿನಂ ಹಾಳೆಯ ಮೇಲೆ ಪಿಂಗಾಣಿಯನ್ನು ಸುಟ್ಟು ಹಲ್ಲಿಗೆ ಅಳವಡಿಸುವ ಮಾರ್ಗವನ್ನು ರೂಪಿಸಿದನು. (೧೯೨೭ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಗನಾಗಿ ಹಾರಿ ದಾಟಿದ ಲಿಂಡ್‌ಬರ್ಗ್ ಈತನ ಮಗಳ ಮಗ.) ೧೯೬೫ರಲ್ಲಿ ಇಂಗ್ಲೆಂಡಿನ ಮೆಕ್ಲೀನ್ ಮತ್ತು ಹ್ಯೂಸ್ ಎಂಬವರು ಅಲ್ಯೂಮಿನಾ ಬೆರೆಸಿ ಪಿಂಗಾಣಿಗೆ ಬಲ ತಂದರು. ಅದೇ ಮೆಕ್ಲೀನ್ ೧೯೭೧ರಲ್ಲಿ ಫಾನ್ ಫ್ರಾನ್‌ಹೋಫರ್ ಎಂಬವರೊಡಗೂಡಿ, ಸಾವಿರಕ್ಕೂ ಮಿಕ್ಕಿದ ಹೊದಿಕೆಗಳನ್ನು ಐದು ವರುಷ ಪರೀಕ್ಷಿಸಿದ ಬಳಿಕ, ಹಲ್ಲಿಗೂ ಹೊದಿಕೆಯ ಅಂಚಿಗೂ ನಡುವೆ ೧೨೦ ಮೈಕ್ರಾನಿಗಿಂತ, ಎಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಹನ್ನೆರಡು ಪಾಲಿಗಿಂತ, ಹೆಚ್ಚು ಸಂದು ಇರಬಾರದೆಂಬ ಮಿತಿಯನ್ನು ಮುಂದಿಟ್ಟರು. ಇಂದಿಗೂ ವೈದ್ಯರು ಉದಾಹರಿಸುವ ಅಳತೆ ಇದೇ. ಸಂದು ಮಿತಿಮೀರಿದರೆ ಸಿಮೆಂಟು ಕ್ರಮೇಣ ಕರಗುತ್ತದೆ, ಒಸಡು ಊದಿ ರಕ್ತ ಬರುತ್ತದೆ, ಮತ್ತು ಕ್ಯಾಪು ಮೇಲೆ ಥಳಥಳಿಸುತ್ತಿರುವಾಗಲೇ ಒಳಗೆ ಹಲ್ಲು ಹುಳುಕಾಗುತ್ತದೆ. ನಾಡಿಯನ್ನು ಮೊದಲೇ ತೆಗೆದಿರುವ ಹಲ್ಲಾದರೆ ನೋವೂ ಸುಳಿವು ಕೊಡುವುದಿಲ್ಲ. ತಿಳಿಯುವಷ್ಟರಲ್ಲಿ ಹಲ್ಲನ್ನು ಕೀಳುವುದೊಂದೇ ಉಳಿದಿರುತ್ತದೆ.

ಈಗ ಎಲ್ಲವನ್ನೂ ಕಂಪ್ಯೂಟರ್ ಮಾಡುತ್ತದೆಯಲ್ಲ ಎಂದು ಕೆಲವರು ಹೇಳುವುದುಂಟು. ಕ್ಯಾಮರಾದಿಂದ ಹಲ್ಲಿನ ಅಳತೆ ತೆಗೆದು ಯಂತ್ರದಲ್ಲಿ ಪಿಂಗಾಣಿಯನ್ನು ಕೊರೆಯುವ ಪದ್ಧತಿ ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ೧೯೮೫ರಲ್ಲಿ ಮೊದಲು ರೋಗಿಯ ಮೇಲೆ ಪ್ರಯೋಗವಾಯಿತು. ಈಗ ಅದು ನಮ್ಮ ನಗರಗಳಲ್ಲಿಯೂ ಹರಡಿದೆ. ಒಳ್ಳೆಯ ಸಾಧನವೇ ಸರಿ. ಆದರೆ ಯಂತ್ರದ ಕೊರೆಯುವ ಕಡ್ಡಿಗೆ ತನ್ನದೇ ಆದ ದಪ್ಪವಿದೆ; ಆ ದಪ್ಪಕ್ಕಿಂತ ಚೂಪಾದ ಮೂಲೆಯು ಹಲ್ಲಿನಲ್ಲಿ ಉಳಿದಿದ್ದರೆ ಕ್ಯಾಪಿನ ಒಳಗೆ ಅದಕ್ಕೆ ಸರಿಹೊಂದುವ ತಗ್ಗನ್ನು ಅದು ಕೊರೆಯಲಾರದು. ಆಗ ಸುತ್ತಲಿನ ಪಿಂಗಾಣಿಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ಕೊರೆದು ಜಾಗ ಮಾಡುತ್ತದೆ. ಕ್ಯಾಪು ಒಳಗೆ ಡೊಳ್ಳಾಗುತ್ತದೆ. ಕಚೇರಿಯವರಿಗೆ ಹೇಳುವುದಾದರೆ, ಮೂಲಪತ್ರದಲ್ಲಿ ಅಳಿಸಿಹೋದ ಅಕ್ಷರವನ್ನು ಯಾವ ನಕಲು ಯಂತ್ರವೂ ಬರೆದುಕೊಡದು. ಜಗಲಿಯ ಅಂಚು ರಕ್ತದಲ್ಲಿಯೋ ಒಸಡಿನ ಅಡಿಯಲ್ಲಿಯೋ ಮುಚ್ಚಿಹೋಗಿದ್ದರೆ ಕ್ಯಾಮರಾ ಅದನ್ನು ಕಾಣದು. ಪ್ರಯೋಗಾಲಯದಲ್ಲಿ ಕುಳಿತ ಕುಶಲಕರ್ಮಿ ಅಂದಾಜಿನ ಮೇಲೆ ಗೆರೆ ಎಳೆಯಬೇಕಾಗುತ್ತದೆ. ಅನಂತರ ಕ್ಯಾಪು ಸರಿ ಕೂರದಿದ್ದರೆ ದೂಷಣೆ ಮಾತ್ರ ಅವನಿಗೆ.

ದೋಷವೆಲ್ಲ ವೈದ್ಯರದೇ ಎಂದು ನಾವು ಹೇಳುವುದಿಲ್ಲ. ಅಂಗಡಿಯ ಬಾಡಿಗೆ, ಯಂತ್ರದ ಸಾಲ, ಪಕ್ಕದ ಬೀದಿಯಲ್ಲಿ ನೂರು ರೂಪಾಯಿ ಕಡಿಮೆಗೆ ಮಾಡುವ ಪ್ರತಿಸ್ಪರ್ಧಿ, ಇವೆಲ್ಲ ಅವರ ಬೆನ್ನ ಮೇಲಿವೆ. ಅದಕ್ಕೆ ಮೇಲಾಗಿ ನಾವೇ ಅವಸರಪಡಿಸುತ್ತೇವೆ. ಬೆಳಗಿನ ತಿಂಡಿಯ ಗಿರಾಕಿಗಳು ಹೋಗಿ ಮಧ್ಯಾಹ್ನದ ಊಟದ ಗದ್ದಲ ತೊಡಗುವುದರ ನಡುವಣ ಒಂದೆರಡು ಗಂಟೆಯಲ್ಲಿ ಓಡಿಹೋಗಿ, ‘ಇವತ್ತೇ ಮುಗಿಸಿಬಿಡಿ ಡಾಕ್ಟರೇ’ ಎನ್ನುವ ಮಾಣಿಯೂ, ಅರ್ಧ ದಿನದ ರಜೆ ಹಾಳಾಗುತ್ತದೆಂದು ಗಡಿಯಾರ ನೋಡುವ ಗುಮಾಸ್ತನೂ ತಮ್ಮ ಹಲ್ಲಿಗೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಾರೆ. ನೀರು ಚಿಮುಕಿಸುತ್ತ ಸಾವಕಾಶವಾಗಿ ಕೆತ್ತುವುದಕ್ಕೆ, ಅಂಚನ್ನು ನಯಗೊಳಿಸುವುದಕ್ಕೆ, ಒಸಡು ಊದಿದ್ದರೆ ಅದು ಗುಣವಾಗುವವರೆಗೆ ತಾತ್ಕಾಲಿಕ ಕ್ಯಾಪಿನಲ್ಲಿ ಕಾಯುವುದಕ್ಕೆ ಕಾಲ ಬೇಕು. ಸಿಮೆಂಟು ಹಾಕುವ ಮೊದಲು ಕ್ಯಾಪನ್ನು ಬರಿದೆ ಕೂರಿಸಿ ನೋಡುತ್ತೀರಾ, ಅಂಚನ್ನು ಸಲಾಕಿಯಿಂದ ಪರೀಕ್ಷಿಸುತ್ತೀರಾ ಎಂದು ವಿನಯದಿಂದ ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ಒಳ್ಳೆಯ ವೈದ್ಯನು ಅದನ್ನು ಕೇಳದೆಯೇ ಮಾಡುತ್ತಾನೆ.

ಹಣದ ಅನುಕೂಲವಿಲ್ಲದವರು ಬೋಧನಾ ಆಸ್ಪತ್ರೆಗಳನ್ನು ಮರೆಯಬಾರದು. ಮುಂಬಯಿಯಲ್ಲಿ ನಗರಪಾಲಿಕೆಯ ನಾಯರ್ ದಂತ ಕಾಲೇಜು, ದಿಲ್ಲಿಯಲ್ಲಿ ಮೌಲಾನಾ ಆಜಾದ್ ದಂತವಿಜ್ಞಾನ ಸಂಸ್ಥೆ, ಚೆನ್ನೈ ಹಾಗೂ ಹೈದರಾಬಾದುಗಳಲ್ಲಿ ಸರಕಾರಿ ದಂತ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಯು ಕೆತ್ತಿದ ಹಲ್ಲನ್ನು ಅಧ್ಯಾಪಕರು ನೋಡಿ ಒಪ್ಪಬೇಕಾಗುತ್ತದೆ. ಸರತಿಯಲ್ಲಿ ನಿಲ್ಲಬೇಕು, ನಾಲ್ಕು ಸಲ ಹೋಗಬೇಕು, ನಿಜ. ಆ ನಾಲ್ಕು ಸಲಕ್ಕೆ ನಾಲ್ಕು ಅರ್ಧ ದಿನಗಳ ಬಿಡುವು ಬೇಕಾಗುತ್ತದೆ. ಇದು ಹೋಟೆಲಿನ ಯಜಮಾನರ ಕೈಯಲ್ಲಿರುವ ವಿಷಯ. ಜ್ವರ ಬಂದ ಹುಡುಗನಿಗೆ ರಜೆ ಕೊಡುವ ಯಜಮಾನರೂ ಹಲ್ಲಿನ ವಿಷಯವೆಂದರೆ ‘ಊಟದ ಹೊತ್ತಿಗೆ ಬಂದುಬಿಡು’ ಎನ್ನುತ್ತಾರೆ. ಅವರಲ್ಲಿ ಅನೇಕರು ಇದೇ ಹುಡುಗರಂತೆ ಲೋಟ ತೊಳೆದು ಮೇಲೆ ಬಂದವರೇ ಆಗಿರುವುದರಿಂದ, ನಮ್ಮ ಈ ಕೋರಿಕೆಯನ್ನು ಅವರು ತಳ್ಳಿಹಾಕಲಾರರೆಂದು ನಂಬಿದ್ದೇವೆ.